ನಕ್ಷೆಯಲ್ಲಿಲ್ಲದ ಸುರಂಗ

ಎಂಬತ್ತರ ದಶಕದ ನಡುವಿನ ವರ್ಷಗಳು. ಹಿಂದೂಪುರದ ನೇಕಾರರ ಮನೆಯಿಂದ ಬಂದ ನಾನು ಗೋದಾವರಿ ಸೀಮೆಯ ಒಂದು ಕಲ್ಲಿದ್ದಲು ಗಣಿಯಲ್ಲಿ ಸರ್ವೇಯರ್ ಆಗಿದ್ದೆ. ಪಕ್ಕದಲ್ಲೇ, ಹಿಂದೆಂದೋ ಮುಚ್ಚಿದ ಇನ್ನೊಂದು ಗಣಿಯ ತುಂಬ ನೀರು ನಿಂತಿತ್ತು. ಅದು ಇತ್ತ ನುಗ್ಗದಂತೆ ನಡುವೆ ಕಡಿಯದೆ ಬಿಡುವ ಕಲ್ಲಿದ್ದಲಿನ ಗೋಡೆಗೆ ಬ್ಯಾರಿಯರ್ ಪಿಲ್ಲರ್ ಎನ್ನುತ್ತಾರೆ. ಅರವತ್ತು ಮೀಟರಿಗಿಂತ ಹತ್ತಿರ ಹೋಗಲು ವಿಶೇಷ ಅನುಮತಿ ಬೇಕು. ನಕ್ಷೆಯ ಪ್ರಕಾರ ನಾವಿನ್ನೂ ತೊಂಬತ್ತು ಮೀಟರ್ ದೂರದಲ್ಲಿದ್ದೆವು.

ಒಂದು ಬೆಳಿಗ್ಗೆ ಆ ಗೋಡೆ ಬೆವರಿತ್ತು. ಕೊಳೆತ ಮೊಟ್ಟೆಯಂಥ ವಾಸನೆ. ವರ್ಷಗಟ್ಟಲೆ ನಿಂತ ನೀರಿನ ಗುರುತು. ಮ್ಯಾನೇಜರ್ ನಾಲ್ಕು ದಿನ ಮಾತ್ರ ಕೆಲಸ ನಿಲ್ಲಿಸಿದರು. ಉದ್ದಕ್ಕೆ ಕೊರೆದು ನೋಡುವ ಯಂತ್ರ ಹೆಡ್ ಆಫೀಸಿನಿಂದ ಬರಬೇಕಿತ್ತು.

"ಗೋಡೆ ಬೆವರಿತು ಅಂತ ಬರೆದರೆ ಕಳಿಸುತ್ತಾರಾ? ಸಾಕ್ಷಿ ತನ್ನಿ," ಎಂದರು.

ಮುಚ್ಚಿದ ಗಣಿಯ ಕೊನೆಯ ಸರದಾರ, ಅಂದರೆ ಪಾಳಿಯ ಮೇಲ್ವಿಚಾರಕ, ಹನುಮಂತಪ್ಪ ಕಲ್ಯಾಣದುರ್ಗದಲ್ಲಿದ್ದಾರೆಂದು ಹಳಬರೊಬ್ಬರು ಹೇಳಿದರು. ರೈಲು, ಬಸ್ಸು ಹಿಡಿದು ಹೋದೆ. ಅವರು ಅಂಗಳದಲ್ಲಿ ಕಡಲೆಕಾಯಿ ಸುಲಿಯುತ್ತಿದ್ದರು. ನಕ್ಷೆ ಹಾಸಿದೆ. ಅವರು ಮುಟ್ಟಲಿಲ್ಲ.

"ಇದನ್ನ ಬರೆದ ಮೇಲೂ ಕಡಿದ್ವಿ ಕಣಪ್ಪ. ಮುಚ್ಚೋಕ್ ಮುಂಚೆ ಸಿಕ್ಕಿದ್ದೆಲ್ಲ ತೆಗೀರಿ ಅಂದ್ರು. ಆಮೇಲೆ ಏನೂ ಕಡಿದಿಲ್ಲ ಅಂತ ನನ್ ಕೈಲೇ ಸಹಿ ಹಾಕಿಸ್ಕಂಡ್ರು."

"ಎಷ್ಟು ದೂರ ಬಂದಿದ್ರಿ?"

"ಅಳತೆ ಯಾರಿಟ್ರು? ನಿಮ್ ಕಡೀಕೇ ಬಂದ್ಬುಟ್ಟಿದ್ವಿ."

ಅದನ್ನೇ ಬರೆದುಕೊಡಿ ಎಂದೆ. ಬಾಗಿಲಲ್ಲಿ ನಿಂತಿದ್ದ ಅವರ ಹೆಂಡತಿ, "ಮೂವತ್ತು ವರ್ಸ ನೆಲದೊಳಗೆ ದುಡಿದೋರು. ಈಗ ಸುಳ್ಳುಗಾರ ಅನ್ನುಸ್ತೀಯೇನಪ್ಪ?" ಎಂದರು. ನಕ್ಷೆ ಮಡಿಸತೊಡಗಿದೆ.

"ಆ ಕಡೆ ಎಷ್ಟು ಜನ ಇಳೀತಾರೆ?" ಹನುಮಂತಪ್ಪ ಕೇಳಿದರು.

"ಪಾಳಿಗೆ ನಲವತ್ತು."

ಅವರು ಪಂಚೆಗೆ ಕೈ ಒರೆಸಿಕೊಂಡರು. "ಪೆನ್ನು ಕೊಡು."

ಆ ಕಾಗದ ನೋಡಿ ಮ್ಯಾನೇಜರ್ ಕೆಲಸ ಮತ್ತೆ ಶುರುಮಾಡಿಸಲಿಲ್ಲ; ಹೆಡ್ ಆಫೀಸಿಗೆ ಅದು ತಲುಪಿದ ಮೇಲೆ ಯಂತ್ರ ಬಂತು. ಗೋಡೆಯಲ್ಲಿ ವಾಲ್ವ್ ಇರುವ ಪೈಪು ಕೂರಿಸಿ, ಅದರ ಮೂಲಕ ಕೊರೆದೆವು. ಇಪ್ಪತ್ತೆರಡನೇ ಮೀಟರಿಗೆ ನೀರು ಸಿಡಿಯಿತು. ಇಬ್ಬರು ಸೇರಿ ವಾಲ್ವ್ ತಿರುಗಿಸಿ ನಿಲ್ಲಿಸಿದರು. ಇನ್ನೊಂದೆರಡು ವಾರ ಕಡಿದಿದ್ದರೆ ಆ ನೀರು ನಲವತ್ತು ಜನರ ಮೇಲೆ ಬೀಳುತ್ತಿತ್ತು. ಆ ಭಾಗವನ್ನೇ ಬಿಟ್ಟು ಹಿಂದೆ ಸರಿದು, ಕಾಂಕ್ರೀಟಿನ ಅಡ್ಡಗೋಡೆ ಕಟ್ಟಿದೆವು.

ಶಾಭಾಸ್ ಎನ್ನುವವರು ಯಾರೂ ಇರಲಿಲ್ಲ. ಆ ವರ್ಷ ಉತ್ಪಾದನೆಯ ಗುರಿ ಮುಟ್ಟಲಿಲ್ಲ. ಮೀಟಿಂಗುಗಳಲ್ಲಿ ಎಲ್ಲರೂ ನನ್ನ ಕಡೆ ನೋಡುತ್ತಿದ್ದರು. ಕೊನೆಗೆ ವರ್ಗವಾಯಿತು. ಹನುಮಂತಪ್ಪನವರನ್ನು ವಿಚಾರಣೆಗೆ ಎರಡು ಸಲ ಕರೆಸಿದರು. ಆ ವಯಸ್ಸಿನಲ್ಲಿ ಎರಡು ಸಲವೂ ಬಂದರು. ಆಫೀಸಿನ ಹೊರಗಿನ ಬೆಂಚಿನ ಮೇಲೆ ಕುಳಿತಿದ್ದ ಅವರಿಗೆ, ನನ್ನಿಂದ ನಿಮಗೆ ತೊಂದರೆಯಾಯಿತು ಎಂದೆ.

"ನೀನು ನಮ್ಮನೇಗೆ ಬರ್ದೇ ಇದ್ರೆ ನಾನಾಗೇ ಬಂದು ಹೇಳ್ತಿದ್ನಾ ಅಂತ ಯೋಚ್ನೆ ಮಾಡ್ತಾ ಅವ್ನಿ," ಎಂದರು. ಬೆಂಚಿನ ಅಂಚು ಹಿಡಿದು ಎದ್ದು, "ಹೇಳ್ತಿರ್ಲಿಲ್ಲ ಕಣಪ್ಪ."

ನಿವೃತ್ತನಾಗುವವರೆಗೂ ನಾನು ನಕ್ಷೆಗಳಿಗೆ ಸಹಿ ಹಾಕಿದೆ. ಪ್ರತಿ ಸಲವೂ ಅಲ್ಲಿ ಕೊನೆಗೆ ಕಡಿದವರು ಯಾರು, ಈಗೆಲ್ಲಿದ್ದಾರೆ ಎಂದು ವಿಚಾರಿಸುತ್ತಿದ್ದೆ. ಸಿಗದಿದ್ದರೆ, ಕೊರೆದು ನೋಡದೆ ಒಂದು ಮೀಟರನ್ನೂ ನಂಬಲಿಲ್ಲ. ನನ್ನನ್ನು ಪೀಡೆ ಎಂದವರೇ ಹೆಚ್ಚು. ಅವರೆಲ್ಲ ಪಾಳಿ ಮುಗಿಸಿ, ಗಣಿಯಿಂದ ಮೇಲೆ ಬಂದು ಹಾಗೆ ಬೈದರು. ನನಗೆ ಅಷ್ಟು ಸಾಕಿತ್ತು.