ಒಣ ಪುಷ್ಯದ ಲೆಕ್ಕ

ದಸ್ತಗಿರಮ್ಮನನ್ನು ಬಲ್ಲವರಲ್ಲಿ ಎರಡು ಗುಂಪು: ಆಕೆಯ ಹಾಡು ಕೇಳಿದವರು, ಆಕೆಯಿಂದ ಬೈಸಿಕೊಂಡವರು. ನಾನು ಎರಡರಲ್ಲೂ ಇದ್ದೇನೆ. ಆಂಧ್ರದ ಗಡಿಯ ಹಾಲಹರವಿ ಕಡೆಯ, ಕನ್ನಡಕ್ಕೆ ತೆಲುಗು ಬೆರೆಯುವ ನಮ್ಮ ಊರಿನಲ್ಲಿ ಕಳೆ ತೆಗೆಯುವ, ಹತ್ತಿ ಬಿಡಿಸುವ ಹೆಂಗಸರ ಗುಂಪಿಗೆ ಆಕೆಯೇ ಮುಂದಾಳು. ಮದುವೆ ಮನೆಯ ಸೋಬಾನೆಗೂ ಆಕೆಯೇ. ಹೆಸರು ದರ್ಗಾದ ಹರಕೆಯದು, ಹಣೆಯಲ್ಲಿ ಕಾಸಿನಗಲ ಕುಂಕುಮ, ಬಾಯಲ್ಲಿ ಸದಾ ಎಲೆ ಅಡಿಕೆ.

ಕಳೆಕೂಲಿ ಹೆಚ್ಚಿಸಿ ಎಂದು ಒಮ್ಮೆ ಕೂಲಿ ಸಂಘದವರು ನಾವು ಸರ್ಕಾರಿ ಕಚೇರಿ ಮುಂದೆ ಧರಣಿ ಕೂತಾಗ ನಮ್ಮ ಘೋಷಣೆಗೆ ಒಂದು ಕಾಗೆಯೂ ಹಾರಲಿಲ್ಲ. ದಸ್ತಗಿರಮ್ಮ ಎದ್ದು, ಮದುವೆಯಲ್ಲಿ ಬೀಗರನ್ನು ಹಂಗಿಸುವ ಹಾಡನ್ನು ಸಾಹೇಬರ ಮೇಲೆ ತಿರುಗಿಸಿದಳು. ಸಾಹೇಬರ ಮೀಸೆ, ಸಾಹೇಬರ ಹೊಟ್ಟೆ, ಸಾಹೇಬರ ಕುರ್ಚಿ, ಯಾವುದನ್ನೂ ಬಿಡಲಿಲ್ಲ. ಗುಮಾಸ್ತರು ನಗುತ್ತ ಹೊರಬಂದರು, ಅವರ ಹಿಂದೆ ಸಾಹೇಬರೂ ಬಂದರು. ಕೂಲಿ ಹೆಚ್ಚಿತು. ಅಂದಿನಿಂದ ಮೈಕು ಆಕೆಗೆ ಕೊಟ್ಟು ಹಿಂದೆ ಕೂರುವುದನ್ನು ನಾವು ಕಲಿತೆವು.

ಎರಡು ಸಾವಿರದ ಇಪ್ಪತ್ತೊಂದರ ಬೇಸಿಗೆಯಲ್ಲಿ ಕರೋನಾ ಎರಡನೆಯ ಸಲ ಬಂದು ಊರನ್ನು ಹಿಂಡಿ ಹೋಗಿತ್ತು. ಆಮೇಲೆ ಕಟ್ಟೆಯ ಮೇಲೆ ಇದ್ದದ್ದು ಒಂದೇ ಜಗಳ. ಲಸಿಕೆಯ ಎರಡು ಸೂಜಿಗಳ ನಡುವೆ ಮೊದಲು ಒಂದು ತಿಂಗಳು ಎಂದಿದ್ದರು, ಆಮೇಲೆ ಎರಡು ಎಂದರು, ಈಗ ಮೂರು ಎನ್ನುತ್ತಿದ್ದರು.

"ಮದ್ದು ಸಾಲಲಿಲ್ಲ, ಅದಕ್ಕ ದಿನ ಜಗ್ಗ್ಯಾರ," ಎಂದ ಚಹಾದಂಗಡಿಯ ಮಾರೆಣ್ಣ. "ಹಾಲು ಕಡಿಮಿ ಬಿದ್ದ ದಿನ ನಾ ನೀರು ಹಾಕಂಗಿಲ್ಲೇನು, ಹಂಗ."

"ತಡಾ ಆದಷ್ಟು ಮೈಯಾಗ ಚೊಲೋ ಕೆಲಸ ಮಾಡ್ತೈತಂತ. ಟಿವ್ಯಾಗ ಡಾಕ್ಟರ್ರು ಹೇಳ್ಯಾರ," ಎಂದ ಹತ್ತಿ ವ್ಯಾಪಾರಿ ಏಕಾಂತಪ್ಪ.

"ಮಗಳ ಮದುವೀನೂ ತಡಾ ಮಾಡಿದ್ರೆಲ್ಲ ಸಾವುಕಾರ್ರ, ಚೊಲೋ ಅಳಿಯ ಸಿಕ್ಕಾನ?" ಎಂದಳು ದಸ್ತಗಿರಮ್ಮ.

ಮಾರೆಣ್ಣನ ಮಾತಿನಲ್ಲೂ ನಿಜವಿತ್ತು, ಏಕಾಂತಪ್ಪನ ಮಾತಿನಲ್ಲೂ ನಿಜವಿತ್ತು. ಉತ್ತರ ಕೊಡಬೇಕಾದವರು ಮಾತ್ರ ನಮ್ಮ ಕಟ್ಟೆಗೆ ಬರುವವರಲ್ಲ.

ಅಳಿಯ ಸಿಕ್ಕಿದ್ದ. ಏಕಾಂತಪ್ಪನ ಮಗಳು ಅಮೂಲ್ಯಳ ಮದುವೆ ಶ್ರಾವಣಕ್ಕೆ ಗೊತ್ತಾಯಿತು. ಗಂಡಿನ ಕಡೆಯವರು ಬಳ್ಳಾರಿಯವರು. ಆ ಮನೆಯಲ್ಲಿ ಒಂದು ಸಾವಾಗಿತ್ತು, ಹೆದರಿದ್ದರು. ಎರಡೂ ಸೂಜಿ ಆದವರಷ್ಟೇ ಚಪ್ಪರದೊಳಗೆ ಬರಬೇಕೆಂದು ಗಂಡಿನ ಸೋದರಮಾವ ಕೊಟ್ರೇಶನ ಬಾಯಲ್ಲಿ ಹೇಳಿ ಕಳಿಸಿದರು. ಅಮೂಲ್ಯಳ ತಾಯಿಯ ಮದುವೆಗೆ ಹಾಡಿದವಳು, ಅಮೂಲ್ಯಳ ತೊಟ್ಟಿಲಿಗೆ ಹಾಡಿದವಳು ದಸ್ತಗಿರಮ್ಮ. ಈ ಮದುವೆಗೆ ಹಾಡದೆ ಇರುವುದೆಂದರೆ ಆಕೆಗೆ ಅರ್ಧ ಹೊಲದ ಕಳೆ ಹಾಗೆಯೇ ಬಿಟ್ಟು ಮನೆಗೆ ಹೋದಂತೆ.

"ದಸ್ತಗಿರವ್ವ ಹಾಡಬೇಕು," ಎಂದಳು ಅಮೂಲ್ಯ. "ಇಲ್ಲಾಂದ್ರ ನಾ ಅರಿಶಿಣಕ್ಕ ಕೂಡಂಗಿಲ್ಲ."

ದಸ್ತಗಿರಮ್ಮನ ಗುಂಪಿಗೆ ಶಾಲೆಯಲ್ಲಿ ಮೊದಲ ಸೂಜಿ ಬಿದ್ದದ್ದು ಮೃಗಶಿರ ಮಳೆ ಕೂಡಿದ ದಿನ. ಹೊಲದ ಹೆಂಗಸರು ವಾರ ಎಣಿಸುವುದಿಲ್ಲ, ಮಳೆ ನಕ್ಷತ್ರ ಎಣಿಸುತ್ತಾರೆ, ಒಂದೊಂದಕ್ಕೆ ಸುಮಾರು ಎರಡು ವಾರ. ಅದನ್ನು ತಿಳಿದೇ ನರ್ಸು ಜಯಕ್ಕ, "ಆರು ಮಳಿ ಹೋಗಲಿ, ಏಳನೇದು ಕೂಡಿದ ದಿನ ಬರ್ರಿ" ಎಂದಿದ್ದಳು. ಎಡವಟ್ಟಾದದ್ದು ಅಲ್ಲೇ. ನಮ್ಮ ಕಡೆ ಮಳೆ ಬಿದ್ದರೆ ಕಳೆ, ಕಳೆ ಇದ್ದರೆ ಕೆಲಸ. ಬೀಳದೆ ಹೋದ ಮಳೆಯನ್ನು ಗುಂಪಿನ ಹೆಂಗಸರು ಲೆಕ್ಕಕ್ಕೇ ಹಿಡಿಯುವುದಿಲ್ಲ. ಆ ವರ್ಷ ನಮ್ಮೂರಲ್ಲಿ ಆ ಆರರಲ್ಲಿ ನಾಲ್ಕನೆಯದಾದ ಪುಷ್ಯ ಮಳೆ ಪೂರಾ ಒಣಗಿ ಹೋಯಿತು. ಗುಂಪೆಲ್ಲ ಸೇರಿ ಅದನ್ನು ತಳ್ಳಿಹಾಕಿತು.

ಮದುವೆ ಹತ್ತಿರವಾದಾಗ ದಸ್ತಗಿರಮ್ಮ ಕಟ್ಟೆಗೆ ಬಂದು ಏಕಾಂತಪ್ಪನಿಗೆ ಹೇಳಿದಳು: "ಸಾವುಕಾರ್ರ, ನನಗಿನ್ನೂ ಒಂದು ಮಳಿ ಬಾಕಿ ಐತಿ. ಮದುವಿ ಮುಗಿದ ಮ್ಯಾಲೇ ನನ್ನ ಸೂಜಿ. ನಾ ಹಿತ್ತಲ ಗ್ವಾಡಿ ಹಿಂದ ನಿಂತು ಹಾಡ್ತೀನಿ, ಕೂಸಿಗೆ ಕೇಳಿದ್ರ ಸಾಕು."

ಸ್ಕೂಟಿ ನಿಲ್ಲಿಸಿ ಚಹಾ ಕುಡಿಯುತ್ತಿದ್ದ ಜಯಕ್ಕ ಲೋಟ ಕೆಳಗಿಟ್ಟಳು. "ಪುಷ್ಯ ಎಲ್ಲಿಗೆ ಹೋತು ನಿಂದು?"

"ಬೀಳಲೇ ಇಲ್ಲಲ್ಲ. ಒಂದು ಕಡ್ಡಿ ಕಳಿ ಹುಟ್ಟಲಿಲ್ಲ. ಬೀಳದ ಮಳೀನ ಯಾವ ಬಾಯಿಲೆ ಎಣಸಲಿ?"

"ನಕ್ಷತ್ರ ಬಂದು ಹೋತಲ್ಲಕ್ಕ," ಎಂದ ಮಾರೆಣ್ಣ.

"ಬಂದು ಹೋದೋರಿಗೆಲ್ಲ ಕೂಲಿ ಕೊಡ್ತಾರೇನಲೇ? ನೀನೂ ದಿನಾ ಹೊಲದ ಬದುವಿಗೆ ಬಂದು ಹೋಗ್ತೀ."

ಅರ್ಧ ಕಟ್ಟೆ ದಸ್ತಗಿರಮ್ಮನ ಕಡೆ ಆಯಿತು. ಸರ್ಕಾರ ಎರಡು ಸಲ ಲೆಕ್ಕ ಬದಲಿಸಬಹುದು, ಆಕೆ ಒಂದು ಸಲ ಬದಲಿಸಬಾರದೇ ಎಂದು ನಾನೂ ಬಾಯಿ ಹಾಕಿದೆ. ಜಯಕ್ಕ ನನ್ನನ್ನು ನೋಡಲೂ ಇಲ್ಲ.

"ಹೊಲದಾಗ ನಿನ್ನ ಲೆಕ್ಕ ಖರೇ ಅಕ್ಕ. ಆದ್ರ ಮೈಯಾಗ ಹೋದ ಮದ್ದು ಮೋಡ ನೋಡಂಗಿಲ್ಲ. ಅದಕ್ಕ ಒಣಾ ಪುಷ್ಯಾನೂ ಪುಷ್ಯಾನೇ. ನಾಳೆ ಹುಬ್ಬಿ ಮಳಿ ಕೂಡತೈತಿ, ಅದೇ ಏಳನೇದು, ನಾಳೇನೇ ನಿಮ್ಮ ಸೂಜಿ. ರೇಪು ಪೊದ್ದುನ್ನೇ ರಾ, ನಾಳೆ ಮುಂಜಾನೆ ಬರೋದು ತಪ್ಪಸಬ್ಯಾಡ."

ದಸ್ತಗಿರಮ್ಮ ಎಲೆ ಅಡಿಕೆ ಉಗುಳಿ, ತನ್ನ ಹಣೆಗೆ ತಾನೇ ಒಂದು ಬಡಿದುಕೊಂಡು ನಕ್ಕಳು.

"ನಗೋದು ಆಮ್ಯಾಲ," ಎಂದಳು ಜಯಕ್ಕ. "ಒಂದು ಸೀಸೆದಾಗ ಹತ್ತು ಮಂದೀದು ಇರ್ತೈತಿ. ನಿನ್ನೊಬ್ಬಾಕಿಗೆ ಒಡಿಯಂಗಿಲ್ಲ. ಗುಂಪು ಕಟ್ಟಿಕೊಂಡು ಬಾ."

ಮರುದಿನ ಬೆಳಿಗ್ಗೆ ಗುಂಪು ಆಸ್ಪರಿ ಕಡೆ ಕಳೆಗೆ ಹೊರಟಿತ್ತು. ಬುತ್ತಿ ಕಟ್ಟಿಕೊಂಡು ಎಲ್ಲರೂ ಆಟೋದಲ್ಲಿ ಒಬ್ಬರ ತೊಡೆಯ ಮೇಲೆ ಒಬ್ಬರು ಕೂತಿದ್ದರು. ದಸ್ತಗಿರಮ್ಮ ಆಟೋದ ಮುಂದೆ ನಿಂತಳು.

"ಇಳೀರಿ. ಇವತ್ತು ಸೂಜಿ."

"ಪುಷ್ಯ ಬಿದ್ದಿಲ್ಲಂತ ನೀನೇ ಹೇಳಿದ್ದೆಲ್ಲಕ್ಕ," ಎಂದಳು ಒಳಗಿನಿಂದ ಗಾದಿಲಿಂಗಮ್ಮ.

"ನಿನ್ನೆ ಸಂಜಿಗೆ ಕಟ್ಟಿ ಮ್ಯಾಲ ಬಿತ್ತು. ಇಳಿ."

ಇಳಿದರು. ಸೀಸೆ ತೆರೆಯಿತು, ಎಲ್ಲರಿಗೂ ಸೂಜಿ ಬಿತ್ತು. ಶಾಲೆಯ ಜಗಲಿಯ ಮೇಲೆ ಬುತ್ತಿ ಬಿಚ್ಚಿ, ಜಯಕ್ಕನಿಗೂ ರೊಟ್ಟಿ ತಿನ್ನಿಸಿ ಮನೆಗೆ ಹೋದರು.

ಮದುವೆಯ ದಿನ ದಸ್ತಗಿರಮ್ಮನ ತೋಳು ಇನ್ನೂ ನೋಯುತ್ತಿತ್ತು. ಚಪ್ಪರದ ಬಾಗಿಲಲ್ಲಿ ಕೊಟ್ರೇಶನೇ ನಿಂತು ಒಬ್ಬೊಬ್ಬರ ಫೋನಿನಲ್ಲಿ ಸೂಜಿಯ ಸರ್ಟಿಫಿಕೇಟು ನೋಡಿ ಒಳಗೆ ಬಿಡುತ್ತಿದ್ದ. ಜಯಕ್ಕ ತನ್ನ ಫೋನಿನಲ್ಲಿ ದಸ್ತಗಿರಮ್ಮನದನ್ನು ತೋರಿಸಿದಳು. ಆತ ಕನ್ನಡಕ ಏರಿಸಿ ಇಳಿಸಿ ನೋಡಿ, "ಹ್ಞೂಂ, ಹೋಗಮ್ಮ" ಎಂದ. ಆ "ಹ್ಞೂಂ" ಆಕೆಗೆ ಸೇರಲಿಲ್ಲ.

ಅಮೂಲ್ಯ ಅರಿಶಿಣಕ್ಕೆ ಕೂತಳು. ದಸ್ತಗಿರಮ್ಮ ಒಂದೇ ಕೈ ಬೀಸುತ್ತ ಹಾಡಿದಳು. ಅರಿಶಿಣ ಮುಗಿದ ಮೇಲೆ ಬೀಗರನ್ನು ಹಂಗಿಸುವ ಸರದಿ ಬಂತು.

ಬಾಗಿಲದಾಗ ನಿಂತು ಸೂಜಿ ಕೇಳ್ಯಾನ ಬೀಗ, ಸೋ
ತನ್ನ ತೋಳ ಕೇಳಿದರ ಶಲ್ಯ ಹೊದ್ದಾನ ಬೀಗ, ಸೋ

ಹಂಗಿಸಲಿಕ್ಕೆಂದು ಕಟ್ಟಿದ ಸಾಲು, ಅಷ್ಟೇ. ಆದರೆ ಕೊಟ್ರೇಶನ ಕೈ ತಾನಾಗಿ ಶಲ್ಯದ ಮೇಲೆ ಹೋಯಿತು. ಹೆಂಗಸರು ಅದನ್ನು ಬಿಡುತ್ತಾರೆಯೇ.

"ಮಾವಾರೆ, ನಿಮ್ಮದೂ ತೋರಸ್ರಿ," ಎಂದಳು ಅರಿಶಿಣ ಮೆತ್ತಿದ ಮುಖದ ಅಮೂಲ್ಯ.

"ಒಂದಾಗೈತಿ," ಎಂದ ಕೊಟ್ರೇಶ. "ಇನ್ನೊಂದು ಮುಂದಿನ ತಿಂಗಳು."

ಚಪ್ಪರವೆಲ್ಲ ನಕ್ಕಿತು. ಏಕಾಂತಪ್ಪ ಬೀಗರ ಮುಂದೆ ನಗಲಾರದೆ ಪಂಚೆಯ ತುದಿಯಿಂದ ಮುಖ ಒರೆಸಿಕೊಂಡ.

"ಹಂಗಾದ್ರ ನಿಮಗೂ ಮಳಿ ಬಾಕಿ ಅದಾವ ಬೀಗರ," ಎನ್ನುತ್ತ ದಸ್ತಗಿರಮ್ಮ ಆತನನ್ನು ಹೊರಗಿನ ಬೇವಿನ ಮರದತ್ತ ನಡೆಸಿಕೊಂಡು ಹೋದಳು. "ನೇಮ ನಿಮ್ಮದು, ಗಿಡ ನಮ್ಮದು. ನೆಳ್ಳು ಚೊಲೋ ಐತಿ. ಹೋಳಿಗಿ ಇಲ್ಲಿಗೇ ಬರತಾವ."

ಕೊಟ್ರೇಶ ಒಳ್ಳೆಯ ಮನುಷ್ಯನೇ. ಕುರ್ಚಿ ಹಾಕಿಸಿಕೊಂಡು ಕೂತು, ಎರಡನೇ ಹೋಳಿಗೆಗೆ ತಾನೂ ನಗತೊಡಗಿದ. ತನ್ನ ಮೇಲಿನ ಹಾಡನ್ನು ಇನ್ನೊಮ್ಮೆ ಹಾಡೆಂದ. ದಸ್ತಗಿರಮ್ಮ ಚಪ್ಪರದ ಬಾಗಿಲಲ್ಲಿ, ಆತ ನಿಂತಿದ್ದ ಜಾಗದಲ್ಲೇ ನಿಂತು, ಒಂದು ಸಾಲು ಒಳಗೆ ಮದುಮಗಳಿಗೆ, ಒಂದು ಸಾಲು ಹೊರಗೆ ಬೇವಿನ ಮರಕ್ಕೆ ಹಾಡಿದಳು.

ಅಷ್ಟರಲ್ಲಿ ಹುಬ್ಬೆ ಮಳೆ ಪಟಪಟ ನಾಲ್ಕು ಹನಿ ಹಾಕಿತು. ಆಕೆ ಅಂಗೈ ಚಾಚಿ ನೋಡಿದಳು.

"ಇದು ಬಿತ್ತು. ಇದನ್ನ ಎಣಸಬಹುದು," ಎಂದಳು. "ಬೀಗರಿಗೆ ಯಾರರ ಒಂದು ಛತ್ರಿ ಒಯ್ದು ಕೊಡ್ರಿ."