ಆ ವಿಳಾಸ ಕೊಟ್ಟವಳು ನಾನು

ಡಾಕ್ಟರ್ ಅಂಕಲ್ ಮನೆಯ ಬಾಗಿಲು ಮುರಿದದ್ದು ಪೊಲೀಸರು. ಆದರೆ ಅವರಿಗೆ ಆ ಬಾಗಿಲು ತೋರಿಸಿದವಳು ನಾನು. ಗೊತ್ತಿಲ್ಲದೆ ತೋರಿಸಿದೆ — ನನ್ನ ಪರವಾಗಿ ಹೇಳಬಹುದಾದದ್ದು ಅಷ್ಟೇ. ಆಮೇಲೆ ಮಾಡಿದ್ದೆಲ್ಲ ಗೊತ್ತಿದ್ದೇ ಮಾಡಿದ್ದು. ತಪ್ಪನ್ನು ಅಂಕಲ್ ತಲೆಗೆ ಕಟ್ಟಿದೆ, ಅದು ಅವರದೇ ಎಂದು ಅವರನ್ನೇ ನಂಬಿಸಿದೆ, ಮತ್ತೆ ಮೂರು ವರ್ಷ ಅವರ ಮನೆಗೆ ಹೋಗಿ ಕಾಫಿ ಕುಡಿದು ಬರುತ್ತಿದ್ದೆ. ಈಗ ಅವರನ್ನು ಕೇಳಿಯೇ ಇದನ್ನು ನಮ್ಮ ಕನ್ನಡ ಸಂಘದ ಪತ್ರಿಕೆಗೆ ಬರೆಯುತ್ತಿದ್ದೇನೆ. ಪತ್ರಿಕೆಯ ಸಂಪಾದಕಿಯೂ ನಾನೇ ಆದ್ದರಿಂದ ಕತ್ತರಿ ಹಾಕುವವರು ಬೇರೆ ಯಾರೂ ಇಲ್ಲ.

ಅಟ್ಲಾಂಟಾದ ಹಳೆಯ ಕನ್ನಡಿಗರಿಗೆ ಅಂಕಲ್ ಯಾರೆಂದು ಹೇಳಬೇಕಿಲ್ಲ. ಹೊಸಬರಿಗಾಗಿ ಹೇಳುತ್ತೇನೆ: ಮೈಸೂರಿನಲ್ಲಿ ಓದಿ, ಐವತ್ತು ವರ್ಷಗಳ ಹಿಂದೆ ಇಲ್ಲಿಗೆ ಬಂದ ಮಕ್ಕಳ ವೈದ್ಯರು. ಎಂಬತ್ತರ ಹತ್ತಿರ ವಯಸ್ಸು, ಕಿವಿ ಮಂದ, ನಿವೃತ್ತರಾದರೂ ಪ್ರತಿ ಶನಿವಾರ ಉಚಿತ ಕ್ಲಿನಿಕ್ಕಿಗೆ ಹೋಗುವವರು. ಅವರೂ ಹೆಂಡತಿ ಲಲಿತಾ ಆಂಟಿಯೂ ಇರುವ ಆ ಇಟ್ಟಿಗೆ ಮನೆ ನಮ್ಮಲ್ಲಿ ಎಷ್ಟೋ ಜನರಿಗೆ ಈ ದೇಶದ ಮೊದಲ ವಿಳಾಸ. ಇಲ್ಲಿಗೆ ಬಂದಿಳಿದವರಿಗೆ ಬ್ಯಾಂಕು, ಲೈಸೆನ್ಸು, ಫೋನು ಎಲ್ಲಕ್ಕೂ ವಿಳಾಸ ಬೇಕು. ವಿಳಾಸ ಬೇಕೆಂದರೆ ಮನೆ ಬೇಕು. ಮನೆ ಬೇಕೆಂದರೆ ಬ್ಯಾಂಕು ಬೇಕು. ಈ ಸುತ್ತಾಟದಲ್ಲಿ ಸಿಕ್ಕಿಕೊಂಡವರಿಗೆಲ್ಲ ಅಂಕಲ್ ಹೇಳುತ್ತಿದ್ದುದು ಒಂದೇ ಮಾತು: "ನಮ್ಮನೆ ಅಡ್ರೆಸ್ ಹಾಕ್ಕೊಳ್ಳಪ್ಪ, ಅದಕ್ಕೇನು!" ಅವರ ಮನೆಯ ಹೊಸಿಲು ದಾಟಿದ ಕೂಡಲೇ ಒಂದು ಬೆತ್ತದ ಬುಟ್ಟಿ ಇರುತ್ತಿತ್ತು. ಯಾರ್ಯಾರದೋ ಹೆಸರಿನ ಲಕೋಟೆಗಳು ಅದರಲ್ಲಿ ಬಿದ್ದಿರುತ್ತಿದ್ದವು. ಹೋದವರು ಕೆದಕಿ ತಮ್ಮದನ್ನು ತೆಗೆದುಕೊಳ್ಳಬೇಕು. ನಾವೂ ಹಾಗೆ ತೆಗೆದುಕೊಂಡವರೇ.

ಕೋವಿಡ್ ಶುರುವಾದ ವರ್ಷ ನನ್ನ ಗಂಡ ಸುಧೀಂದ್ರನ ಕೆಲಸ ಹೋಯಿತು. ನಮ್ಮ ಬೇಸ್‌ಮೆಂಟ್ ಬಾಡಿಗೆಗೆ ಕೊಟ್ಟೆವು. ನಮ್ಮ ಬಡಾವಣೆಯ ಸಂಘದ ನಿಯಮದಲ್ಲಿ ಹಾಗೆ ಕೊಡುವಂತಿಲ್ಲ. ಬಂದವನ ಹೆಸರು ನಿತಿನ್ ಎಂದಿಟ್ಟುಕೊಳ್ಳಿ. ಮೂವತ್ತು ದಾಟಿದ್ದವನು, ಮೆಲು ಮಾತಿನವನು, ಚಪ್ಪಲಿಯನ್ನು ನೇರವಾಗಿ ಜೋಡಿಸಿ ಬಿಡುವವನು. ಲೈಸೆನ್ಸಿಗೆ ವಿಳಾಸ ಬೇಕು ಎಂದ. ನಮ್ಮ ವಿಳಾಸಕ್ಕೆ ಅವನ ಪತ್ರಗಳು ಬರಲು ತೊಡಗಿದರೆ ಎದುರು ಮನೆಯ ಹೆಂಗಸಿಗೆ — ಬಡಾವಣೆ ಸಂಘದ ಕಾರ್ಯದರ್ಶಿ ಆಕೆ — ವಾಸನೆ ಹತ್ತುತ್ತದೆ ಎಂಬ ಭಯ ನನಗೆ. ಒಂದು ಹಳದಿ ಚೀಟಿಯ ಮೇಲೆ ಅಂಕಲ್ ಮನೆಯ ವಿಳಾಸ ಬರೆದುಕೊಟ್ಟೆ. ಅಂಕಲನ್ನು ಕೇಳಲಿಲ್ಲ. ಕೇಳಿದ್ದರೆ ಬೇಡ ಎನ್ನುತ್ತಿರಲಿಲ್ಲ, ಅದಕ್ಕೇ ಕೇಳಲಿಲ್ಲ — ಎಂದು ಆಗ ಸಮಾಧಾನ ಮಾಡಿಕೊಂಡೆ. ಅವನ ಪತ್ರಗಳನ್ನು ವಾರಕ್ಕೊಮ್ಮೆ ಬುಟ್ಟಿಯಿಂದ ನಾನೇ ಎತ್ತಿಕೊಂಡು ಬರುತ್ತಿದ್ದೆ.

ಎಂಟು ತಿಂಗಳ ನಂತರ ಅವನು ಷಾರ್ಲೆಟ್‌ನಲ್ಲಿ ಕೆಲಸ ಸಿಕ್ಕಿತೆಂದು ಖಾಲಿ ಮಾಡಿ ಹೋದ. ನಾವು ಬೇಸ್‌ಮೆಂಟ್ ಗುಡಿಸಿ, ಹೊಸ ಬಲ್ಬು ಹಾಕಿ, ಅವನನ್ನು ಮರೆತೆವು.

ಮತ್ತೆರಡು ತಿಂಗಳಿಗೆ ಪೊಲೀಸರು ಅವನನ್ನು ಹುಡುಕಿಕೊಂಡು ಬಂದರು. ಯಾವುದೋ ಅಮಲಿನ ಮಾತ್ರೆಗಳ ವ್ಯವಹಾರ, ಮನೆಯಲ್ಲಿ ಬಂದೂಕಿದೆಯೆಂಬ ಸುಳಿವು. ಬಂದೂಕು ಇದೆಯೆಂದರೆ ಬಾಗಿಲು ತಟ್ಟಿ, ಕಾದು, ಒಳಗಿನವರನ್ನು ಎಚ್ಚರಿಸಬಾರದು ಎಂಬ ಲೆಕ್ಕ. ಹಾಗಾಗಿ ತಟ್ಟದೆ ನುಗ್ಗುವ ವಾರಂಟ್ — ನೋ-ನಾಕ್. ವಿಳಾಸ ಅವನ ಲೈಸೆನ್ಸಿನಲ್ಲಿತ್ತು — ಅಂಕಲ್ ಮನೆಯದು.

ಬೆಳಗಿನ ಏಳು ಗಂಟೆ. ಆಂಟಿ ಅಡುಗೆಮನೆಯಲ್ಲಿ ಮಿಕ್ಸಿಗೆ ಚಟ್ನಿ ಹಾಕಿದ್ದರು. ಅಂಕಲ್ ಬಚ್ಚಲಿನಲ್ಲಿ ಕ್ಷೌರ ಮಾಡಿಕೊಳ್ಳುತ್ತಿದ್ದರು. ಕಿವಿಯ ಯಂತ್ರ ಹಾಸಿಗೆಯ ಪಕ್ಕದ ಮೇಜಿನ ಮೇಲಿತ್ತು. ಬಾಗಿಲು ಚೌಕಟ್ಟಿನ ಸಮೇತ ಒಳಕ್ಕೆ ಬಿತ್ತು. ಹೆಲ್ಮೆಟ್ ತೊಟ್ಟ ಆರೇಳು ಜನ, ಕೂಗು, ಟಾರ್ಚು. ಆಂಟಿಯನ್ನು ನೆಲದ ಮೇಲೆ ಬೋರಲು ಮಲಗಿಸಿದರು. ಬಾಗಿಲು ಬಿದ್ದ ಅದುರಿಗೆ ಏನೋ ಬಿತ್ತೆಂದುಕೊಂಡು ಅಂಕಲ್ ಹೊರಗೆ ಬಂದರು — ಮುಖದ ತುಂಬ ನೊರೆ, ಕೈಯಲ್ಲಿ ರೇಜರ್. ತಂದೆಯ ಕಾಲದ ಉದ್ದನೆಯ, ಮಡಚುವ ರೇಜರ್. ಅದನ್ನು ಕೆಳಗೆ ಹಾಕು ಎಂದು ಪೊಲೀಸರು ಕೂಗುತ್ತಿದ್ದರು. ಅಂಕಲ್‌ಗೆ ಕೇಳಿಸುತ್ತಿರಲಿಲ್ಲ. ನೆಲದ ಮೇಲಿಂದಲೇ ಆಂಟಿ ತಲೆಯೆತ್ತಿ ಕಿರುಚಿದರು: "ರೀ, ಕೈಲಿರೋದು ಬಿಸಾಕ್ರೀ!"

ಅದೂ ಕೇಳಿಸಲಿಲ್ಲವಂತೆ. ಆಂಟಿಯ ಮುಖ ಕಂಡಿತಂತೆ. ರೇಜರ್ ಕೆಳಗೆ ಬಿತ್ತು. ಗುಂಡು ಹಾರಲಿಲ್ಲ.

ಇಷ್ಟು ಬರೆದು ನಾನು ಈಗಲೂ ಉಸಿರು ಬಿಡುತ್ತೇನೆ. ಆ ಮನೆಯಲ್ಲಿ ಇಬ್ಬರೂ ಬದುಕಿದ್ದಾರೆ. ಈ ಬರಹ ತಿಥಿಯೂಟದ ನಂತರದ ಬರಹವಾಗಬಹುದಿತ್ತು.

ಮಾರನೆಯ ದಿನ ಹೋದೆ. ಬಾಗಿಲ ಜಾಗಕ್ಕೆ ಪ್ಲೈವುಡ್ ಹೊಡೆದಿತ್ತು. ಅಂಕಲ್ ವಾರಂಟಿನ ಪ್ರತಿ ಹಿಡಿದುಕೊಂಡು ಸೋಫಾದ ಮೇಲೆ ಕೂತಿದ್ದರು. ಅದರ ಮೇಲೆ ನಿತಿನ್ ಹೆಸರಿತ್ತು.

"ವಿಜಯಾ, ಈ ನಿತಿನ್ ಅನ್ನೋನು ಯಾರಮ್ಮ? ಅವನ ಹೆಸರಿನ ಕವರ್‌ಗಳು ಬುಟ್ಟೀಲಿ ನೋಡಿದ ನೆನಪಿದೆ. ಆದ್ರೆ ಮುಖ ನೆನಪಿಗೇ ಬರ್ತಿಲ್ಲ. ನಾನ್ಯಾವಾಗ ಅಡ್ರೆಸ್ ಕೊಟ್ಟೆ ಇವನಿಗೆ?"

ಹೇಳಬೇಕಿತ್ತು. ನಾಲಿಗೆಯ ತುದಿಗೆ ಬಂದಿತ್ತು. ಆದರೆ ಆ ಹೊತ್ತಿಗೆ ತಲೆಯಲ್ಲಿ ಬಡಾವಣೆ ಸಂಘ, ಪೊಲೀಸರ ವಿಚಾರಣೆ, ಇನ್ನೂ ಕೈಗೆ ಬಾರದ ನಮ್ಮ ಗ್ರೀನ್ ಕಾರ್ಡು — ಎಲ್ಲ ಒಟ್ಟಿಗೆ ಗಿರಗಿರನೆ ತಿರುಗಿದವು. ನಾನು ಅಂದೆ: "ನೀವೇ ಕೊಟ್ಟಿರ್ತೀರಿ ಅಂಕಲ್. ಎಷ್ಟು ಜನಕ್ಕೆ ಕೊಟ್ಟಿದೀರಿ, ಎಲ್ಲಾರ್ದೂ ನೆನಪಿರತ್ತಾ?"

ಅವರು ವಾರಂಟನ್ನು ಮಡಚುತ್ತ, "ಇರ್ಬೇಕು," ಎಂದರು.

ಇಲ್ಲಿಗೆ ನಿಲ್ಲಿಸಿದ್ದರೂ ನನ್ನದು ಹೇಡಿತನ ಎನಿಸಿಕೊಳ್ಳುತ್ತಿತ್ತು. ಮುಂದಿನದಕ್ಕೆ ಯಾವ ಪದ ಸರಿಹೋಗುತ್ತದೋ ಗೊತ್ತಿಲ್ಲ. ಕೆಲವು ತಿಂಗಳ ನಂತರ ಇಂಥ ವಾರಂಟುಗಳನ್ನು ಕೈಬಿಡಬೇಕೇ ಎಂಬುದರ ಬಗ್ಗೆ ನಮ್ಮ ಸ್ಥಳೀಯ ಆಡಳಿತದ ಸಮಿತಿಯವರು ಸಾರ್ವಜನಿಕ ಸಭೆ ಕರೆದರು. ಅಂಕಲ್ ಮಾತನಾಡಲು ಹೆಸರು ಕೊಟ್ಟರು. ನಮ್ಮ ಜನರಲ್ಲೇ ಒಮ್ಮತ ಇರಲಿಲ್ಲ. ಚಿನ್ನಕ್ಕಾಗಿ ಭಾರತೀಯರ ಮನೆಗಳನ್ನೇ ನೋಡಿ ಕಳ್ಳತನ ಆಗುತ್ತಿರುವಾಗ ಪೊಲೀಸರ ಕೈ ಕಟ್ಟಿ ಏನು ಸಾಧಿಸುತ್ತೀರಿ ಎಂದು ನಾರ್‌ಕ್ರಾಸ್‌ನ ಇಂಡಿಯನ್ ಅಂಗಡಿಯಲ್ಲಿ ಕೊತ್ತಂಬರಿ ಆರಿಸುತ್ತಲೇ ಜಗಳವಾಡಿದವರಿದ್ದರು. ಅಂಕಲ್ ತಮ್ಮ ಭಾಷಣವನ್ನು ತಿದ್ದಿಕೊಡಲು ನನಗೆ ಕಳಿಸಿದರು — ಸಂಪಾದಕಿಯಲ್ಲವೇ! ಅವರು ಬರೆದಿದ್ದುದು, "ಆ ವ್ಯಕ್ತಿ ನನ್ನ ವಿಳಾಸ ಹೇಗೆ ಪಡೆದನೋ ನನಗೆ ತಿಳಿಯದು." ನಾನು ಅದನ್ನು ಹೊಡೆದುಹಾಕಿ, "ಅಪರಿಚಿತನಿಗೆ ವಿಳಾಸ ಕೊಟ್ಟದ್ದು ನನ್ನ ತಪ್ಪು" ಎಂದು ಬರೆದೆ. ಪ್ರಾಮಾಣಿಕವಾಗಿ ಕೇಳಿಸುತ್ತದೆ ಅಂಕಲ್, ಎಂದೂ ಸೇರಿಸಿದೆ. 'ತಿಳಿಯದು' ಎಂದರೆ ಯಾರಾದರೂ ಹುಡುಕಲು ಹೊರಡುತ್ತಾರೆ ಎಂಬ ಭಯ — ಅದನ್ನು ಮಾತ್ರ ಹೇಳಲಿಲ್ಲ.

ಸಭೆಯಲ್ಲಿ ಒಬ್ಬ ಪೊಲೀಸ್ ಅಧಿಕಾರಿ ಮೊದಲು ಮಾತನಾಡಿದ. ಬಾಗಿಲು ತಟ್ಟಿ ಕಾಯುತ್ತ ನಿಂತಿದ್ದಾಗ ಒಳಗಿನಿಂದ ಹಾರಿದ ಗುಂಡಿಗೆ ಜೊತೆಯವನನ್ನು ಕಳೆದುಕೊಂಡಿದ್ದ. ಆತ ಸುಳ್ಳು ಹೇಳುತ್ತಿರಲಿಲ್ಲ. ಅಂಕಲ್ ಎದ್ದು ಆತನ ದುಃಖಕ್ಕೆ ತಲೆಬಾಗಿಸಿಯೇ ತಮ್ಮ ಮಾತು ಶುರುಮಾಡಿದರು. ಅವರು ಕೇಳಿದ್ದು ಇಷ್ಟೇ: ನುಗ್ಗುವ ಮೊದಲು ಒಂದೆರಡು ದಿನ ಮನೆಯನ್ನು ಗಮನಿಸಿದ್ದರೂ ಇಬ್ಬರು ಮುದುಕರು ಕಾಣಿಸುತ್ತಿದ್ದರಲ್ಲ? ಕೆಲವರು ಹೌದೆಂದು ತಲೆಯಾಡಿಸುತ್ತಿದ್ದರು. ಅಷ್ಟರಲ್ಲಿ ನಾನು ಬರೆದ ಸಾಲು ಬಂತು. ಸಮಿತಿಯವರೊಬ್ಬರು ಅದನ್ನೇ ಹಿಡಿದುಕೊಂಡರು. ಹಾಗಾದರೆ ವಿಳಾಸ ನೀವೇ ಕೊಟ್ಟದ್ದು, ಪೊಲೀಸರ ಕಾಗದ ಸರಿಯಾಗಿಯೇ ಇತ್ತು, ಅಲ್ಲವೇ ಡಾಕ್ಟರ್? ಅಂಕಲ್ ಹೌದೆಂದು ತಲೆಯಾಡಿಸಿದರು. ಮುಂದೆ ಯಾರೂ ಅವರನ್ನು ಏನೂ ಕೇಳಲಿಲ್ಲ. ನಾನು ಮೂರನೆಯ ಸಾಲಿನಲ್ಲಿ ಕೂತು ಚಪ್ಪಾಳೆ ತಟ್ಟಿದೆ.

ಆಮೇಲೆ ಅಂಕಲ್ ಬುಟ್ಟಿ ತೆಗೆದಿಟ್ಟರು. ಅದು ಸಹಜ ಎಂದುಕೊಂಡೆ. ಶನಿವಾರದ ಕ್ಲಿನಿಕ್ ಬಿಟ್ಟರು. ವಯಸ್ಸಾಯಿತಲ್ಲ ಎಂದುಕೊಂಡೆ. ಕಾರು ಓಡಿಸುವುದನ್ನು ಬಿಟ್ಟಾಗಲೂ ನನಗೆ ಹೊಳೆಯಲಿಲ್ಲ — ಅಥವಾ ಹೊಳೆಯಗೊಡಲಿಲ್ಲ. ನಾವು ನಮಗೆ ಬೇಡದ್ದನ್ನು ಎಷ್ಟು ಚೆನ್ನಾಗಿ ಕಾಣದೆ ಇರುತ್ತೇವೆ!

ಈ ವರ್ಷ ಪತ್ರಿಕೆಗೆ ಅವರ ನೆನಪುಗಳನ್ನು ಬರೆದುಕೊಡಿ ಎಂದು ಕೇಳಲು ಹೋದೆ. ಮಧ್ಯಾಹ್ನದ ಊಟ ಮುಗಿದಿತ್ತು. ಅಂಕಲ್ ನಕ್ಕು, "ನನ್ನ ನೆನಪನ್ನ ನಾನೇ ನಂಬಲ್ಲ, ನೀನು ಹ್ಯಾಗೆ ಪ್ರಿಂಟ್ ಮಾಡ್ತೀಯಾ?" ಎಂದರು. ನಾನು ತಮಾಷೆಯೆಂದುಕೊಂಡೆ. ಅಲ್ಲ. "ಆ ನಿತಿನ್ ವಿಷಯ ಆದಾಗ್ಲೇ ನನಗೆ ಗೊತ್ತಾಯ್ತಮ್ಮ. ಮನೇಗೆ ಬಂದಿರೋ ಮನುಷ್ಯ, ಕೂರಿಸಿ ಮಾತಾಡ್ಸಿ ಅಡ್ರೆಸ್ ಕೊಟ್ಟಿರ್ತೀನಿ. ಒಂದು ಚೂರೂ ನೆನಪಿಲ್ಲ ಅಂದ್ರೆ? ಡಾಕ್ಟರಲ್ವಾ ನಾನು, ಇದರ ಅರ್ಥ ಗೊತ್ತಾಗಲ್ವಾ? ಟೆಸ್ಟ್ ಎರಡು ಸಲ ಮಾಡಿಸ್ದೆ. ನಾರ್ಮಲ್ ಅಂತಾರೆ. ಶುರುನಲ್ಲಿ ಹಾಗೇ ಅಂತಾರೆ. ಮಗೂಗೆ ಔಷಧಿ ಡೋಸ್ ತಪ್ಪು ಬರೆದ್ರೆ ಏನ್ ಗತಿ ಅಂತ ಕ್ಲಿನಿಕ್ ಬಿಟ್ಟೆ."

ನನ್ನ ಕೈಯಲ್ಲಿದ್ದ ಕಾಫಿ ಲೋಟವನ್ನು ಎಲ್ಲಿಟ್ಟೆನೋ ತಿಳಿಯದು. ಮೂರು ವರ್ಷ — ನಾನು ಹೆದರಿದ್ದು ಬೇಸ್‌ಮೆಂಟಿಗೆ, ಕಾಗದಪತ್ರಕ್ಕೆ. ಅವರು ಹೆದರಿದ್ದು —

"ಅಂಕಲ್," ಅಂದೆ, "ನೀವು ಕೊಡ್ಲಿಲ್ಲ. ನಾನು ಕೊಟ್ಟೆ. ಅವನು ನಮ್ಮ ಬೇಸ್‌ಮೆಂಟಲ್ಲಿದ್ದ. ನೀವು ಅವನನ್ನ ನೋಡೇ ಇಲ್ಲ. ನನಗೆ ಮೊದಲಿಂದ್ಲೂ ಗೊತ್ತಿತ್ತು."

ಬೈಗುಳಕ್ಕೆ ಕಾದೆ. ಎದ್ದು ಹೋಗು ಎನ್ನಲೆಂದು ಕಾದೆ. ಅವರು ಕಿವಿಯ ಯಂತ್ರವನ್ನು ಸರಿಮಾಡಿಕೊಂಡು, ಇನ್ನೊಮ್ಮೆ ಹೇಳು ಎಂದರು. ಹೇಳಿದೆ. ಮೂರನೆಯ ಸಲವೂ ಹೇಳಿಸಿದರು. ಆಮೇಲೆ ಅವರ ಮುಖ — ಹೇಗೆ ಬರೆಯಲಿ — ಇಪ್ಪತ್ತು ವರ್ಷ ಹಗುರಾಯಿತು. ಸೋಫಾದಿಂದ ಎದ್ದೇ ನಿಂತು ಅಡುಗೆಮನೆಯ ಕಡೆ ಕೂಗಿದರು: "ಲಲಿತಾ! ನಾನು ಮರ್ತಿರ್ಲಿಲ್ವಂತೆ ಕಣೇ! ಮರೆಯೋದಕ್ಕೆ ಏನೂ ಇರ್ಲೇ ಇಲ್ವಂತೆ!" ನಗುತ್ತಿದ್ದರು, ಕಣ್ಣಲ್ಲಿ ನೀರು ಸುರಿಯುತ್ತಿತ್ತು. ನನಗೂ ಅಷ್ಟೇ. ಅಷ್ಟು ದಿನ ಎದೆಯ ಮೇಲಿದ್ದ ಭಾರ ಇಳಿದ ಸುಖವನ್ನು ನಾನು ನಾಚಿಕೆಯಿಲ್ಲದೆ ಅನುಭವಿಸಿದೆ. ಈಗಲೂ ಅನುಭವಿಸುತ್ತಿದ್ದೇನೆ.

ಆಂಟಿ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು ಬಾಗಿಲಲ್ಲೇ ನಿಂತರು. ಎಲ್ಲವನ್ನೂ ಕೇಳಿಸಿಕೊಂಡಿದ್ದರು. ನಗಲಿಲ್ಲ.

"ದಿನಾ ಬೆಳಿಗ್ಗೆ ಎದ್ದ ತಕ್ಷಣ ಒಂದು ನೋಟ್‌ಬುಕ್ಕಲ್ಲಿ ನನ್ನ ಹೆಸರು, ಮಕ್ಕಳ ಹೆಸರು ಬರೆದು ನೋಡ್ಕೋತಾರೆ," ಎಂದರು. "ನೆನಪಿದೆಯಾ ಇಲ್ವಾ ಅಂತ. ನಾನು ನಿದ್ದೆ ಬಂದೋರ ಹಾಗೆ ಕಣ್ಮುಚ್ಕೊಂಡು ಬಿದ್ದಿರ್ತೀನಿ. ಮೂರು ವರ್ಷ, ವಿಜಯಾ."

ಸಮಿತಿಗೆ ಪತ್ರ ಬರೆದಿದ್ದೇನೆ: ಅಂಕಲ್ ಹೇಳಿಕೆಯಲ್ಲಿನ ಆ ಸಾಲು ಸುಳ್ಳು, ಬರೆದವಳು ನಾನು, ಅವರು ಕಾಣದ ಮನುಷ್ಯನಿಗಾಗಿ ಅವರ ಬಾಗಿಲು ಒಡೆದದ್ದು ಕೇವಲ ಒಂದು ಕಾಗದದ ಮೇಲಿನ ನಂಬಿಕೆಯಿಂದ. ಮುಂದಿನ ಸಭೆಯಲ್ಲಿ ನಾನೇ ಎದ್ದು ಹೇಳುತ್ತೇನೆ. ಬೇಸ್‌ಮೆಂಟಿನ ವಿಷಯ ಬಡಾವಣೆ ಸಂಘಕ್ಕೂ ತಿಳಿಸಿಯಾಗಿದೆ. ಅವರು ಏನು ಮಾಡುತ್ತಾರೋ ಮಾಡಲಿ. ಅಂಕಲ್ ಮತ್ತೆ ಶನಿವಾರ ಕ್ಲಿನಿಕ್ಕಿಗೆ ಹೋಗುತ್ತಿದ್ದಾರೆ, ತಾವೇ ಕಾರು ಓಡಿಸಿಕೊಂಡು, ಆಂಟಿ ಬೇಡವೆಂದರೂ ಹೈವೇಯಲ್ಲಿ.

ಕ್ಷಮೆ ಮಾತ್ರ ಇನ್ನೂ ಕೇಳಿಲ್ಲ. ಕೇಳಿದರೆ ಅಂಕಲ್ ಆ ಕ್ಷಣವೇ ಕೊಟ್ಟುಬಿಡುತ್ತಾರೆ. ಅದನ್ನು ಕೊಡಬೇಕಾದವರು ಆಂಟಿ.