ಒಂದೇ ಬಟ್ಟೆಯ ನಾಲ್ಕು ಗಂಟು

ಬೆಳಗಿನ ಐದೂವರೆ. ಪುರಸಭೆಯ ಸಭಾಂಗಣದಲ್ಲಿ ಅಟೆಂಡರ್ ಅಕ್ಕ ಕೈತೊಳೆದು, ಒರೆಸಿಕೊಂಡು, ಮೂಲೆಯ ಬೀರು ತೆರೆಯುತ್ತಾರೆ. ಒಳಗೆ ನಾಲ್ಕು ಧರ್ಮಗಳ ನಾಲ್ಕು ಗ್ರಂಥಗಳು. ನಾಲ್ಕಕ್ಕೂ ಒಂದೇ ಥಾನಿನ ಬಿಳಿ ಬಟ್ಟೆ. ಒಂದರ ಮೇಲೊಂದು ಇಡುವ ಹಾಗಿಲ್ಲ, ಸಾಲಾಗಿ ನಿಲ್ಲಿಸಬೇಕು. ಇಂದು ಹತ್ತು ಗಂಟೆಗೆ ಹೊಸ ಸದಸ್ಯರು ಇವುಗಳ ಮೇಲೆ ಕೈಯಿಟ್ಟು ಪ್ರಮಾಣ ಮಾಡಲಿದ್ದಾರೆ.

ದೇವರನ್ನು ನಂಬದವರಿಗೆ? ಅವರಿಗೂ ಒಂದು ಬಟ್ಟೆ ಮಡಚಿಟ್ಟಿದ್ದಾರೆ, ಒಳಗೆ ಏನೂ ಇಲ್ಲ. "ಅವರ ಕೈಗೂ ಒಂದು ಜಾಗ ಬೇಕಲ್ವಾ?"

ಮೂವತ್ತೊಂದು ವರ್ಷದ ನೌಕರಿ. ಸೇರಿದ ಹೊಸದರಲ್ಲಿ ಒಂದು ಗ್ರಂಥಕ್ಕೆ ರೇಷ್ಮೆ, ಇನ್ನೊಂದಕ್ಕೆ ಹತ್ತಿ ಯಾಕೆಂದು ಸದಸ್ಯರು ಅರ್ಧ ದಿನ ಕಿತ್ತಾಡಿದ್ದರು. ಕುಡಿಯುವ ನೀರಿನ ಚರ್ಚೆ ಮೂಲೆಗೆ ಬಿತ್ತು. ಮರುದಿನವೇ ಅಕ್ಕ ಬಟ್ಟೆ ತಂದು ನಾಲ್ಕಕ್ಕೂ ಒಂದೇ ಥರ ಸುತ್ತಿದರು. ಅಕ್ಷರ ಬಾರದು, ತೂಕ ಮತ್ತು ಅಂಚಿನಿಂದಲೇ ಗುರುತು. "ಕತ್ತಲಲ್ಲಿ ಮುಟ್ಟಿದ್ರೂ ನಮ್ಮ ಮಕ್ಕಳು ಯಾರು ಅಂತ ಗೊತ್ತಾಗಲ್ವಾ, ಹಾಗೆ."

ಆದರೆ ಕಳೆದ ಸಲ ಜ್ವರದಲ್ಲಿ ಕೈ ಮೋಸ ಮಾಡಿತು. ಧರ್ಮದ ಹೆಸರಿನಲ್ಲೇ ಮತ ಕೇಳಿ ಗೆದ್ದ ಸದಸ್ಯರೊಬ್ಬರ ಮುಂದೆ ಬೇರೆ ಧರ್ಮದ ಗ್ರಂಥ ಇಟ್ಟುಬಿಟ್ಟರು. ಅವರು ಪ್ರಮಾಣ ಮುಗಿಸಿ ಭಕ್ತಿಯಿಂದ ಬಟ್ಟೆ ಸರಿಸಿದಾಗಲೇ ಗೊತ್ತಾದದ್ದು. ಸಭೆ ಅಲ್ಲೋಲಕಲ್ಲೋಲ, ಅಕ್ಕನಿಗೆ ನೋಟಿಸು. ಸದಸ್ಯರು ತಮ್ಮ ಗ್ರಂಥ ತರಿಸಿ ಇನ್ನೊಮ್ಮೆ ಪ್ರಮಾಣ ಮಾಡಿದರು. ಮೊದಲನೆಯದನ್ನು ವಾಪಸು ಪಡೆಯುವುದು ಹೇಗೆಂದು ಮಾತ್ರ ಯಾವ ನಿಯಮದಲ್ಲೂ ಇರಲಿಲ್ಲ.

"ಎರಡು ಕಡೆ ಮಾತು ಕೊಟ್ಟು ಸಿಕ್ಕಿಹಾಕ್ಕೊಂಡಿದ್ದೀನಿ ಕಣಕ್ಕ," ಎಂದು ಆಮೇಲೆ ಅವರೇ ಬೀರುವಿನ ಹತ್ತಿರ ಬಂದು ಹೇಳಿದರಂತೆ. ಆ ಅವಧಿಯಲ್ಲಿ ಅವರ ವಾರ್ಡಿನ ಎಲ್ಲ ಬೀದಿಗೂ ನಲ್ಲಿ ಬಂತು, ತಮಗೆ ಓಟು ಹಾಕದ ಬೀದಿಗಳಿಗೂ. ಅಕ್ಕನ ನೋಟಿಸು ರದ್ದು ಮಾಡಿಸಿದ್ದೂ ಅವರೇ.

ಆದರೂ ಮುಖ್ಯಾಧಿಕಾರಿ ಪಟ್ಟು ಬಿಟ್ಟಿಲ್ಲ. ಇಂದು ಒಂದೇ ಒಂದು ತಪ್ಪಾದರೂ ಗ್ರಂಥಕ್ಕೊಂದು ಬಣ್ಣದ ಬಟ್ಟೆ. ನಾಲ್ಕೂ ಅವರ ಮೇಜಿನ ಮೇಲೆ ತಯಾರಾಗಿವೆ. "ಬಣ್ಣ ಬಂದ್ರೆ ನಮ್ದು ಮಾಸಿದೆ, ಅವರ್ದು ಹೊಳೀತಿದೆ ಅಂತ ಶುರು. ಮತ್ತೆ ನೀರು ಮೂಲೆಗೆ," ಎನ್ನುವ ಅಕ್ಕನಿಗೆ ನಿಜಕ್ಕೂ ಭಯವಿದೆ. ಇನ್ನು ಎಂಟು ತಿಂಗಳಿಗೆ ನಿವೃತ್ತಿ, ಮತ್ತೆ ಸರಿಪಡಿಸಲು ಅವರಿರುವುದಿಲ್ಲ.

ನಿಮ್ಮ ಗ್ರಂಥ ಯಾವುದು ಎಂದು ಕೇಳಿದರೆ ನಗುತ್ತಾರೆ. "ಹೇಳಿದ್ರೆ, ಅದರ ಬಟ್ಟೆ ಮಾತ್ರ ಚೆನ್ನಾಗಿ ಒಗೀತೀನಿ ಅಂತೀರಿ."

ಹನ್ನೊಂದೂವರೆಗೆ ಇಪ್ಪತ್ತೇಳು ಪ್ರಮಾಣವೂ ಮುಗಿಯುತ್ತದೆ. ಒಂದೂ ಅದಲುಬದಲಾಗಿಲ್ಲ. ಮುಖ್ಯಾಧಿಕಾರಿ ಬಣ್ಣದ ಬಟ್ಟೆಗಳನ್ನು ಡ್ರಾಯರಿಗೆ ತುರುಕುತ್ತಾರೆ. ಗಂಟುಗಳನ್ನು ಒಂದೊಂದಾಗಿ ಬೀರುವಿಗೆ ಸೇರಿಸುತ್ತಿರುವ ಅಕ್ಕನನ್ನು ಕೊನೆಯದಾಗಿ ಕೇಳಬೇಕೆನಿಸುತ್ತದೆ: ನೀವು ಎಂದಾದರೂ ಪ್ರಮಾಣ ಮಾಡಿದ್ದೀರಾ?

"ನಮ್ಮಂಥೋರಿಗೆ ಪ್ರಮಾಣ ಎಲ್ಲಿ? ಹೆಬ್ಬೆಟ್ಟು ಒತ್ತಿಸ್ಕೊಂಡ್ರು, ಅಷ್ಟೆ." ಬೀಗ ಹಾಕಿ ಒಮ್ಮೆ ಎಳೆದು ನೋಡುತ್ತಾರೆ. "ಮಾತು ಕೊಡದೇನೆ ಉಳಿಸ್ಕೊಂಡಿದ್ದೀನಿ."